ಬೀರುವಿನಲ್ಲಿ ತಾತನ ದನಿ

ಮಿನಿ ಪ್ರಾಜೆಕ್ಟ್ ಸಬ್‌ಮಿಟ್ ಮಾಡಲು ಮೂರೇ ದಿನ ಬಾಕಿ. ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ಒಳಗಿಂದ 'ಟಿಕ್... ಟಿಕ್...' ಸದ್ದು. ಗೋಡೆ ಗಡಿಯಾರ ಇರಬೇಕು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಸ್ಕ್ರೀನ್ ಕಪ್ಪಾಯಿತು. ಅಕ್ಕ ಬಳಸಿ ಬಿಟ್ಟ ಲ್ಯಾಪ್‌ಟಾಪ್ ಅದು. ಒಳಗಿದ್ದದ್ದು 1 ಟಿಬಿ ಹಾರ್ಡ್ ಡಿಸ್ಕ್. ಹತ್ತು ಸಲ ಆಫ್, ಆನ್ ಮಾಡಿದೆ.

ಗೆಳೆಯನಿಗೆ ಫೋನ್ ಮಾಡಿದರೆ, 'ಮಗಾ, ಕವರ್‌ಗೆ ಹಾಕಿ ಫ್ರೀಜರ್‌ನಲ್ಲಿಡು, ಸರಿಹೋಗತ್ತೆ' ಅಂದ. ಡಿಸ್ಕ್ ಬಿಚ್ಚಿ ಐಸ್ ಟ್ರೇ ಪಕ್ಕ ಇಡಲು ಹೊರಟವನನ್ನು ಅಮ್ಮ ಗದರಿಸಿ ಕಳಿಸಿದರು. ಅವರ ಚಿಂತೆ ಫ್ರಿಜ್‌ನದ್ದು.

ಮರುದಿನ ರಾಜಾಜಿನಗರದಲ್ಲಿ ಮೆಟ್ರೊ ಹತ್ತಿ, ಚಿಕ್ಕಪೇಟೆಯಲ್ಲಿ ಇಳಿದು ಎಸ್.ಪಿ. ರಸ್ತೆಗೆ ನಡೆದೆ. ಪುಟ್ಟ ಅಂಗಡಿಯ ಅಣ್ಣ ಡಿಸ್ಕ್‌ಗೆ ಕೇಬಲ್ ಸಿಕ್ಕಿಸಿ, ಕಿವಿ ಹತ್ತಿರ ಹಿಡಿದು, ಐದೇ ಸೆಕೆಂಡಿಗೆ ಪವರ್ ಕಿತ್ತರು. 'ಹೆಡ್ ಹೋಗಿದೆ. ಇನ್ನು ಆನ್ ಮಾಡ್ಲೇಬೇಡಿ.'

ತಟ್ಟೆಯ ಮೇಲಿನ ಮಾಹಿತಿ ಓದುವುದು ಹೆಡ್. ತಟ್ಟೆ ನಿಮಿಷಕ್ಕೆ 5,400 ಸುತ್ತು ತಿರುಗುವಾಗ ಅದು ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಧೂಳಿನ ಕಣವೂ ಅದಕ್ಕೆ ಬಂಡೆ. ದಾರಿ ಸಿಗದೆ ಹಿಂದೆ ಮುಂದೆ ಹೊಡೆದುಕೊಳ್ಳುವುದೇ ಆ ಟಿಕ್ ಟಿಕ್. ಪ್ರತಿ ಸಲ ಆನ್ ಮಾಡಿದಾಗಲೂ ತಟ್ಟೆ ಗೀರಿಹೋಗಬಹುದು. ಫ್ರೀಜರ್‌ನಲ್ಲಿಟ್ಟಿದ್ದರೆ ತೇವವೂ ಸೇರುತ್ತಿತ್ತು. ಪರೀಕ್ಷೆಯಲ್ಲಿ ಡಿಸ್ಕ್ ಶೆಡ್ಯೂಲಿಂಗ್ ಲೆಕ್ಕಕ್ಕೆ ಪೂರ್ತಿ ಅಂಕ ತೆಗೆದವನು ನಾನು! ನಿಮಗೆ ಈ ಸದ್ದು ಕೇಳಿಸಿದರೆ ಮೊದಲು ಪವರ್ ತೆಗೆಯಿರಿ.

ಲ್ಯಾಪ್‌ಟಾಪ್ ಸುಲಭವಾಗಿ ಬದುಕಿತು. ಅದೇ ಜಾಗಕ್ಕೆ ಹೊಂದುವ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಕೊಂಡು, ಸ್ಕ್ರೂ ಬಿಗಿದು, ಪೆನ್‌ಡ್ರೈವ್‌ನಿಂದ ವಿಂಡೋಸ್ ಹಾಕಿದೆ. ಈಗ ಮೊದಲಿಗಿಂತ ಎಷ್ಟೋ ಬೇಗ ಆನ್ ಆಗುತ್ತದೆ. ಪ್ರಾಜೆಕ್ಟ್ ಕೋಡ್ ಟೀಮ್‌ನ ಹುಡುಗಿ ಹತ್ತಿರವೂ ಇತ್ತು.

ಬೇರೆಲ್ಲೂ ಇಲ್ಲದ್ದು ತಾತನ ದನಿ. ತೀರಿಕೊಳ್ಳುವ ಹಿಂದಿನ ವರ್ಷ ಅವರು ಬಿನ್ನಿ ಮಿಲ್‌ನಲ್ಲಿ ದುಡಿದ ದಿನಗಳ ಬಗ್ಗೆ ಹೇಳಿದ್ದನ್ನು ರೆಕಾರ್ಡ್ ಮಾಡಿದ್ದೆ. ನಲವತ್ತು ನಿಮಿಷ. ಫೋನ್ ತುಂಬಿತೆಂದು ಲ್ಯಾಪ್‌ಟಾಪ್‌ಗೆ ಹಾಕಿ, ಫೋನ್‌ನಿಂದ ಅಳಿಸಿದ್ದೆ.

ಧೂಳಿಲ್ಲದ ಲ್ಯಾಬ್‌ನಲ್ಲಿ ಅದೇ ಮಾದರಿಯ ಬೇರೆ ಡಿಸ್ಕ್‌ನ ಹೆಡ್ ಜೋಡಿಸಿ ಪ್ರಯತ್ನಿಸಬಹುದಂತೆ. ಅವರು ಹೇಳಿದ ಮೊತ್ತಕ್ಕೆ ಹೊಸ ಎಸ್‌ಎಸ್‌ಡಿ ಏಳೆಂಟು ಬರುತ್ತಿತ್ತು, ಗ್ಯಾರಂಟಿಯೂ ಇಲ್ಲ. ಅಪ್ಪನಿಗೆ ಹೇಳಿದೆ. ಬೈಯಲಿಲ್ಲ, ಅದೇ ಕಷ್ಟವಾಯಿತು. 'ಎಸೀಬೇಡ, ಇಟ್ಟಿರು' ಅಂದರು, ಅಷ್ಟೇ.

ಬಟ್ಟೆ ಸುತ್ತಿ ಬೀರುವಿನಲ್ಲಿ, ಬ್ಯಾಂಕ್ ಪಾಸ್‌ಬುಕ್‌ಗಳ ಪಕ್ಕ ಇಟ್ಟಿದ್ದೇನೆ. ಇಂಟರ್ನ್‌ಶಿಪ್‌ನಲ್ಲಿ ಸ್ಟೈಪೆಂಡ್ ಸಿಕ್ಕಿದರೆ ಮೊದಲ ಖರ್ಚು ಅದೇ. 'ಆನ್ ಮಾಡಬೇಡಿ' ಎಂದು ಮೇಲೊಂದು ಚೀಟಿ ಅಂಟಿಸಿದ್ದೇನೆ.