ಚುಚ್ಚೋದು ಕೈಗೆ, ನಿಲ್ಲೋದು ವಾಕರಿಕೆ!

ವಾಕರಿಕೆ ಬಂದರೆ ಕೈಗೆ ಸೂಜಿ ಯಾಕೆ? ಇದು ಚೀನಾದ ಸೂಜಿ ಚಿಕಿತ್ಸೆ, ಅಕ್ಯುಪಂಕ್ಚರ್.

ಸುಮಾರು 2000 ವರ್ಷ ಹಳೆಯ ‘ಹುವಾಂಗ್‌ದಿ ನೇಜಿಂಗ್’ ಗ್ರಂಥದ ಪ್ರಕಾರ, ‘ಚಿ’ ಎಂಬ ಜೀವಶಕ್ತಿ ಮೈಯೊಳಗಿನ ಪಥಗಳಲ್ಲಿ ಹರಿಯುತ್ತೆ. ಮುಖ್ಯ ಪಥಗಳು 12. ಹರಿವು ಕಟ್ಟಿಕೊಂಡರೆ ಕಾಯಿಲೆ. ಸೂಜಿ ಅದನ್ನು ಬಿಡಿಸುತ್ತೆ.

ಇವತ್ತು ಪಥಗಳ ಮೇಲೆ ಗುರುತಿಸಿರುವ, ಸೂಜಿ ಚುಚ್ಚುವ ಬಿಂದುಗಳು 361. ಅಂಗೈ ಕಡೆ, ಮಣಿಕಟ್ಟಿನ ಗೆರೆಯಿಂದ ಸುಮಾರು ಮೂರು ಬೆರಳು ಮೇಲಿರುವುದು ‘ನೇಗ್ವಾನ್’. ಇಲ್ಲಿ ಚುಚ್ಚಿದರೆ ಆಪರೇಷನ್ ನಂತರದ ವಾಕರಿಕೆ ತಗ್ಗುತ್ತೆ ಅಂತ ಅಧ್ಯಯನಗಳೂ ಹೇಳುತ್ತವೆ. ಸೊಂಟನೋವು, ಮೈಗ್ರೇನ್‌ಗೂ ಅಕ್ಯುಪಂಕ್ಚರ್ ಬಳಕೆಯಿದೆ.

‘ಚಿ’ ಇರುವುದಕ್ಕೆ ವೈಜ್ಞಾನಿಕ ಪುರಾವೆಯಿಲ್ಲ. ಸೂಜಿ ನರಗಳನ್ನು ಪ್ರಚೋದಿಸಿ, ನೋವು ತಗ್ಗಿಸುವ ಎಂಡಾರ್ಫಿನ್ ಬಿಡುಗಡೆ ಮಾಡಿಸುತ್ತೆ ಅನ್ನೋದು ವಿಜ್ಞಾನಿಗಳ ಒಂದು ವಿವರಣೆ.

ಮಾಡಿಸಿಕೊಳ್ಳೋದಾದರೆ ತರಬೇತಿ ಪಡೆದವರ ಹತ್ತಿರವೇ ಹೋಗಿ, ಹೊಸ ಸೂಜಿಯನ್ನೇ ಕೇಳಿ. ಡಾಕ್ಟರ್ ಕೊಟ್ಟ ಮಾತ್ರೆ ಮಾತ್ರ ನಿಲ್ಲಿಸಬೇಡಿ.