ಜಾಲತಾಣದ ಗುತ್ತಿಗೆಗೂ ಕರಾರುಪತ್ರ ಬೇಕು

ಅಡಿಕೆ ಫಸಲನ್ನು ಗುತ್ತಿಗೆಗೆ ಕೊಡುವಾಗ ನಾವು ಎಷ್ಟೊಂದು ಜಾಗ್ರತೆ ವಹಿಸುತ್ತೇವೆ! ಮುಂಗಡ ಎಷ್ಟು, ಕೊಯ್ಲು ಯಾವಾಗ, ಕೊಳೆರೋಗಕ್ಕೆ ಮದ್ದು ಬಿಡುವ ಖರ್ಚು ಯಾರದು ಎಂಬುದೆಲ್ಲ ಮೊದಲೇ ಇತ್ಯರ್ಥವಾಗುತ್ತದೆ. ಸಂಘದ ಜಾಲತಾಣ ಮಾಡಿಸುವಾಗ ಮಾತ್ರ ಈ ಜಾಗ್ರತೆ ನಮ್ಮಲ್ಲಿರಲಿಲ್ಲ. ಪರಿಚಿತರೆಂಬ ವಿಶ್ವಾಸದಿಂದ ಬಾಯಿಮಾತಿನಲ್ಲೇ ಕೆಲಸ ಒಪ್ಪಿಸಿ, ಪೂರ್ಣ ಹಣವನ್ನು ಮುಂಗಡವಾಗಿ ಕೊಟ್ಟೆವು. ಕೆಲಸ ಮಾಡಿದವರು ಊರು ಬಿಟ್ಟರು. ನವೀಕರಣದ ದಿನ ಬಂದಾಗ ತಿಳಿಯಿತು, ಸಂಘದ ಡೊಮೇನ್ ಹೆಸರು ನೋಂದಣಿಯಾದದ್ದು ಅವರ ಸ್ವಂತ ಹೆಸರಿನಲ್ಲಿ! ವಿಳಾಸವೂ ಹೋಯಿತು, ಹಣವೂ ಹೋಯಿತು. ಅವರದಕ್ಕಿಂತ ನಮ್ಮ ತಪ್ಪೇ ಹೆಚ್ಚೆಂದು ಒಪ್ಪಿಕೊಳ್ಳುತ್ತೇವೆ.

ಈ ಕೆಲಸ ಬಲ್ಲವರಿಗೆ ನಮ್ಮ ಜಿಲ್ಲೆಯಲ್ಲಿ ಕೊರತೆಯಿಲ್ಲ. ಮಣಿಪಾಲದಲ್ಲಿ 1957ರಲ್ಲೇ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. 1996ರಲ್ಲಿ ಉಡುಪಿಯಲ್ಲಿ ಹುಟ್ಟಿದ ರೋಬೋಸಾಫ್ಟ್ ಸಂಸ್ಥೆಯು ಹೊರದೇಶದ ಕಂಪೆನಿಗಳ ಕೆಲಸ ವಹಿಸಿಕೊಂಡು ಬೆಳೆಯಿತು. ಅಂತಹ ದೊಡ್ಡ ಗಿರಾಕಿಗಳೇ ಕಾಗದಪತ್ರ ಮಾಡಿಕೊಂಡು ವ್ಯವಹರಿಸುವಾಗ, ಕಾಪು ಕಾರ್ಕಳದ ಸಣ್ಣ ಬೆಳೆಗಾರರಾದ ನಾವು ಬರಿಯ ಮಾತನ್ನು ನಂಬಿ ಕೂರುವುದು ಸರಿಯೇ?

1872ರ ಭಾರತೀಯ ಕರಾರು ಕಾಯ್ದೆಯಂತೆ ಬಾಯಿಮಾತಿನ ಒಪ್ಪಂದವೂ ಸಿಂಧುವಾಗಬಹುದು; ಆದರೆ ರುಜುವಾತು ಮಾಡುವುದು ಕಷ್ಟ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಸಂಬಳದ ನೌಕರ ತನ್ನ ಕೆಲಸದಲ್ಲಿ ಬರೆದ ಪ್ರೋಗ್ರಾಂ ಧಣಿಗೆ ಸೇರುತ್ತದೆ. ಹೊರಗಿನ ಗುತ್ತಿಗೆದಾರ ಬರೆದದ್ದು, ಬೇರೆ ಕರಾರು ಇಲ್ಲದಿದ್ದರೆ, ನಾವು ಹಣ ಕೊಟ್ಟಿದ್ದರೂ ಸಾಮಾನ್ಯವಾಗಿ ಅವನದೇ. ಹಕ್ಕಿನ ವರ್ಗಾವಣೆ ಲಿಖಿತವಾಗಿದ್ದು, ಅದಕ್ಕೆ ಸಹಿ ಇರಬೇಕು. ಅವಧಿ ನಮೂದಿಸದಿದ್ದರೆ ಅದು 5 ವರ್ಷಕ್ಕೆ ಮಾತ್ರ ಎಂದಾಗುತ್ತದೆ. ಮೂಲಗೇಣಿಗೂ ಚಾಲಗೇಣಿಗೂ ಇದ್ದ ವ್ಯತ್ಯಾಸ ಬಲ್ಲ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ಕರಾರುಪತ್ರದಲ್ಲಿ ಇವಿಷ್ಟು ಇರಲೇಬೇಕು:

1. ಎಷ್ಟು ಪುಟ, ಯಾವ ಭಾಷೆ, ಏನೇನು ಸೌಲಭ್ಯ ಎಂಬ ವಿವರ ಪಟ್ಟಿ. ಪಟ್ಟಿಯ ಹೊರಗಿನ ಕೆಲಸಕ್ಕೆ ಬೇರೆ ದರ, ಅದೂ ಬರವಣಿಗೆಯಲ್ಲಿ.

2. ಹಣ ಕಂತಿನಲ್ಲಿ, ಕೊನೆಯ ಕಂತು ಪರೀಕ್ಷಿಸಿ ಒಪ್ಪಿಕೊಂಡ ಮೇಲೆ. ಜಿ.ಎಸ್.ಟಿ. ದರದಲ್ಲಿ ಸೇರಿದೆಯೇ ಎಂಬುದು ಸ್ಪಷ್ಟವಾಗಿರಲಿ.

3. ಡೊಮೇನ್ ಮತ್ತು ಸರ್ವರ್ ಖಾತೆ ಸಂಘದ ಹೆಸರಿನಲ್ಲಿ, ಸಂಘದ ಇಮೇಲ್‌ನಲ್ಲಿ.

4. ಸೋರ್ಸ್ ಕೋಡ್, ಪಾಸ್‌ವರ್ಡ್‌ಗಳ ಹಸ್ತಾಂತರ. ಕೃತಿಸ್ವಾಮ್ಯದ ವರ್ಗಾವಣೆ, ಅವಧಿ ಸಹಿತ.

5. ಮುಗಿದ ಮೇಲೆ ಎಷ್ಟು ತಿಂಗಳು ಉಚಿತ ದುರಸ್ತಿ, ಅನಂತರದ ವಾರ್ಷಿಕ ವೆಚ್ಚ ಎಷ್ಟು.

6. ಸದಸ್ಯರ ಫೋನ್, ಬ್ಯಾಂಕ್ ಖಾತೆ ವಿವರಗಳ ಗೌಪ್ಯತೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೆ, ಕೆಲಸ ಹೊರಗೆ ಕೊಟ್ಟರೂ ಹೊಣೆ ಮಾಹಿತಿ ಸಂಗ್ರಹಿಸಿದ ಸಂಘದ್ದೇ.

7. ವ್ಯಾಜ್ಯವಾದರೆ ಉಡುಪಿಯಲ್ಲೇ ಇತ್ಯರ್ಥ.

ಹೊಸ ಜಾಲತಾಣಕ್ಕಾಗಿ ಸಿದ್ಧಪಡಿಸಿದ ಕರಡು ಕರಾರು ಕಚೇರಿಯಲ್ಲಿದೆ. ಕಾಫಿಪುಡಿ, ಕಾಳುಮೆಣಸು ಮಾರಲು ಸ್ವಂತ ಜಾಲತಾಣ ಮಾಡಿಸುವ ಸದಸ್ಯರೂ ಅದರ ಪ್ರತಿ ಪಡೆಯಬಹುದು. ಸಹಿ ಹಾಕುವ ಮೊದಲು ವಕೀಲರಿಗೊಮ್ಮೆ ತೋರಿಸಿರಿ. ನಾವು ತೆತ್ತ ದಂಡವನ್ನು ತಾವೂ ತೆರಬೇಕಾಗಿಲ್ಲ.