ಗಾಡಿ ಗಡಿ ದಾಟಿದಾಗ

ಕಡ್ಲೇಕಾಯಿ ಮಾರಿದ ದುಡ್ಡು ಕೈಗೆ ಬಂದ ವಾರ ಆಂಧ್ರದ ಅನಂತಪುರ ಸೀಮೆಯ ಸೆಟ್ಟೂರಿನ ಮನೆಗಳಲ್ಲಿ ‘ಬಂಡಿ’ಯ ಮಾತು ಏಳುತ್ತದೆ. ಎತ್ತಿನ ಬಂಡಿಯಲ್ಲ, ಸೆಕೆಂಡ್ ಹ್ಯಾಂಡ್ ಬೈಕು. ಮಗ ಕಲ್ಯಾಣದುರ್ಗದಲ್ಲಿ ನೋಡುತ್ತಾನೆ, ಹಿಂದೂಪುರದಲ್ಲಿ ವಿಚಾರಿಸುತ್ತಾನೆ, ಕೊನೆಗೆ ಗಡಿಯಾಚೆ ಚಳ್ಳಕೆರೆಗೋ ಪಾವಗಡಕ್ಕೋ ಹೋಗುತ್ತಾನೆ. ಅಲ್ಲಿ ನೆಂಟರಿದ್ದಾರೆ, ಚೌಕಾಸಿ ಮನೆಮಾತಿನಲ್ಲೇ ನಡೆಯುತ್ತದೆ.

ಆದರೆ ಆರ್‌ಸಿಗೆ ನೆಂಟಸ್ತಿಕೆ ಗೊತ್ತಿಲ್ಲ. ಚಿತ್ರದುರ್ಗದ ಕೆಎ 16 ಆಗಲಿ, ಮಧುಗಿರಿಯ ಕೆಎ 64 ಆಗಲಿ, ಆಂಧ್ರಕ್ಕೆ ಬಂದು ನೆಲೆಸಬೇಕಾದರೆ ಮೊದಲು ಅಲ್ಲಿನ ಆರ್‌ಟಿಒ ಎನ್‌ಒಸಿ ಕೊಡಬೇಕು. ಅದು ಫಾರಂ 28. ಹೆಸರು ಬದಲಿಸಲು 29 ಮತ್ತು 30. ಸಾಲದ ಗಾಡಿಯಾಗಿದ್ದರೆ ಸಾಲ ತೀರಿತೆಂದು ಫೈನಾನ್ಸ್‌ನವರು ಸಹಿ ಹಾಕಿದ 35. ಕೊಂಡವನು 30 ದಿನದೊಳಗೆ ತನ್ನ ಕಡೆಯ ಆರ್‌ಟಿಒಗೆ ತಿಳಿಸಬೇಕು. 12 ತಿಂಗಳು ಮೀರಿ ಇಲ್ಲೇ ಓಡಿಸುವುದಾದರೆ ಹೊಸ ನಂಬರು, ಜೊತೆಗೆ ಇಲ್ಲಿನ ತೆರಿಗೆ. ಅನಂತಪುರದ ಹಳೇ ಎಪಿ 02 ಈಗ ಸಿಗುವುದಿಲ್ಲ. 2019ರಲ್ಲಿ ಇಡೀ ರಾಜ್ಯಕ್ಕೇ ಎಪಿ 39 ಎಂಬ ಒಂದೇ ಸರಣಿ ಬಂತು.

‘ಯಾರು ಕೇಳ್ತಾರೆ ಬಿಡು’ ಎಂದು ಮಾರುವವನು ಹೇಳುತ್ತಾನಲ್ಲ, ನಿಜವಾಗಿ ಹೆದರಬೇಕಾದವನು ಅವನೇ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರದ ಹೊಣೆ ಅವನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. ಆ ಪ್ರಕರಣದಲ್ಲಿ ಗಾಡಿ ಹಲವು ಕೈ ದಾಟಿತ್ತು. ದರ ತೀರಾ ಕಡಿಮೆ ಎನಿಸಿದರೆ ನಾನು ಎಂಜಿನ್ನಿಗಿಂತ ಮೊದಲು ಕಾಗದವನ್ನೇ ಅನುಮಾನಿಸುತ್ತೇನೆ. ಚಾಸಿ ನಂಬರನ್ನು ಆರ್‌ಸಿಯ ಜೊತೆ ಅಕ್ಷರ ಅಕ್ಷರ ಹೋಲಿಸಿ ನೋಡಿದ ಮೇಲೆಯೇ ಕಿಕ್ಕರ್ ಒದೆಯುವುದು.

ಒದೆಯುವ ಮುಂಚೆ ಎಂಜಿನ್ನಿನ ಹತ್ತಿರ ಅಂಗೈ ಒಡ್ಡಿ. ಬಿಸಿಯಿದ್ದರೆ ನೀವು ಬರುವ ಮೊದಲೇ ಯಾರೋ ಅದನ್ನು ಎಬ್ಬಿಸಿಟ್ಟಿದ್ದಾರೆ. ಹೋಗಿ ಟೀ ಕುಡಿದು ಬನ್ನಿ. ತಣ್ಣಗಿನ ಗಾಡಿ ಸ್ಟಾರ್ಟಾಗಿ ನೀಲಿ ಹೊಗೆ ಬಿಟ್ಟರೆ ಆಯಿಲ್ ಉರಿಯುತ್ತಿದೆ ಎಂದೇ ಅರ್ಥ. ಮೀಟರು ಇಪ್ಪತ್ತು ಸಾವಿರ ಕಿಲೋಮೀಟರ್ ತೋರಿಸಿ, ಕಾಲಿಡುವ ರಬ್ಬರು ಸವೆದು ನುಣ್ಣಗಾಗಿದ್ದರೆ ನಾನು ರಬ್ಬರನ್ನು ನಂಬುತ್ತೇನೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯಿರುತ್ತವೆ: 2319 ಎಂದರೆ 2019ರ 23ನೇ ವಾರದ ಟೈರು.

ಮನೆಗೆ ಬಂದ ಮೇಲೆ ಈ ಸೀಮೆಯ ಗಾಡಿಗೆ ದೊಡ್ಡ ಶತ್ರು ಧೂಳು. ಮಳೆ ಅಪರೂಪ, ಕೆಮ್ಮಣ್ಣಿನ ದಾರಿ. ಏರ್ ಫಿಲ್ಟರ್ ಕಟ್ಟಿ ಹರಿದರೆ ಮಣ್ಣು ಸಿಲಿಂಡರಿಗಿಳಿದು ರಿಂಗು ಅರೆಯುತ್ತದೆ. ಮುಂದೊಂದು ದಿನ ಕಾಣುವ ನೀಲಿ ಹೊಗೆ ಇಲ್ಲಿಂದಲೇ ಶುರು. ಸ್ಪಂಜಿನ ಫಿಲ್ಟರನ್ನು ತೊಳೆದು ಎಣ್ಣೆ ಸವರಿ ಹಾಕಬಹುದು. ಎಣ್ಣೆ ಹೀರಿದ ಕಾಗದದ್ದಕ್ಕೆ ಗಾಳಿ ಹೊಡೆಸುವುದು ಬೇಡ, ಹೊಸದು ಹಾಕಿ. ಚೈನಿಗೂ ಅಷ್ಟೇ: ಒರೆಸದೆ ಎಣ್ಣೆ ಬಿಟ್ಟರೆ ಮಣ್ಣು ಸೇರಿ ಅರದಂತೆ ಉಜ್ಜುತ್ತದೆ.

ಇನ್ನೊಂದು ವಿಷಯ, ಗಾಡಿಯ ವರ್ಷದ್ದು. 2020ರ ಏಪ್ರಿಲ್ 1ರಿಂದ ಹೊಗೆ ನಿಯಂತ್ರಣದ ಬಿಎಸ್6 ನಿಯಮ ಬಂದು ಹೆಚ್ಚಿನ ಬೈಕುಗಳಲ್ಲಿ ಕಾರ್ಬುರೇಟರಿನ ಜಾಗಕ್ಕೆ ಫ್ಯೂಯಲ್ ಇಂಜೆಕ್ಷನ್ ಕೂತಿತು. ಹೊಗೆಯ ವಿಷಯದಲ್ಲಿ ಹೊಸದೇ ಮೇಲು. ಆದರೂ ಮೊದಲ ಬಂಡಿಗೆ ನನ್ನ ಮತ ಅದಕ್ಕೂ ಹಿಂದಿನದಕ್ಕೆ. ಕಾರ್ಬುರೇಟರ್ ಕಟ್ಟಿಕೊಂಡರೆ ಬೇವಿನ ಮರದ ಕೆಳಗಿನ ಮೆಕ್ಯಾನಿಕ್ ಅರ್ಧ ಗಂಟೆಯಲ್ಲಿ ಬಿಚ್ಚಿ, ಜೆಟ್ಟಿಗೆ ಊದಿ, ಪೆಟ್ರೋಲಿನಲ್ಲಿ ತೊಳೆದು ಕೂರಿಸುತ್ತಾನೆ. ಪಕ್ಕದಲ್ಲಿ ಕೂತು ನೋಡಿದ ಹುಡುಗ ಮುಂದಿನ ಸಲ ಸ್ಪ್ಯಾನರ್ ತಾನೇ ಹಿಡಿಯುತ್ತಾನೆ.